ಒಂದೇ ಲೋಕ, ಮೂವರು ಜಿಎಂಗಳು

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಕ್ಕೆ, ಅಂದರೆ ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಿನಲ್ಲೇ ಕಥೆ ಆಡುವ ಆಟಕ್ಕೆ, ಒಬ್ಬರೇ ಕೂತು ಲೋಕ ಕಟ್ಟೋದು ಸುಲಭ. ಎಲ್ಲೋ ಹೊಂದಲಿಲ್ಲ ಅಂದರೆ ಮುಂದಿನ ಸೆಷನ್‌ಗೆ ಮೊದಲು ಸದ್ದಿಲ್ಲದೆ ತಿದ್ದಿಕೊಳ್ಳಬಹುದು. ಮೂವರು ಗೇಮ್ ಮಾಸ್ಟರ್‌ಗಳು (ಆಟ ನಡೆಸುವವರು, ಚಿಕ್ಕದಾಗಿ ಜಿಎಂ), ಮೂರು ಗುಂಪು, ಲೋಕ ಮಾತ್ರ ಒಂದೇ ಅಂದಾಗ ಹಾಗೆ ನಡೆಯಲ್ಲ. ಶನಿವಾರ ಒಂದು ಗುಂಪು ಸುಟ್ಟುಹಾಕಿದ ಸೇತುವೆ ಮೇಲೆ ಭಾನುವಾರ ಇನ್ನೊಂದು ಗುಂಪು ಕುದುರೆ ಓಡಿಸುತ್ತದೆ. ನಾವು ಮೂವರು ಇಂಥದ್ದೊಂದು ಲೋಕವನ್ನು ವರ್ಷಗಟ್ಟಲೆ ನಡೆಸಿಕೊಂಡು ಬಂದಿದ್ದೇವೆ. ಅದರಲ್ಲಿ ಗಟ್ಟಿಯಾಗಿ ತೀರ್ಮಾನ ಮಾಡಿದ್ದು ಬಹಳ ಕಮ್ಮಿ. ಮಿಕ್ಕಿದ್ದೆಲ್ಲ ಯಾರದೋ ಬಾಯಿಮಾತು. ಅದು ಇನ್ನೂ ನಿಂತಿರೋದು ಅದರಿಂದಲೇ.

ಹಲವರು ಸೇರಿ ನಡೆಸುವ ಲೋಕ ಹೊಸದೇನಲ್ಲ. ಇಂಥ ಆಟಗಳಲ್ಲಿ ಹೆಸರುವಾಸಿಯಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) 1974ರಲ್ಲಿ ಅಚ್ಚಾಗುವ ಮೊದಲೇ ಡೇವ್ ಆರ್ನೆಸನ್ ಬ್ಲ್ಯಾಕ್‌ಮೂರ್‌ನಲ್ಲೂ ಗ್ಯಾರಿ ಗೈಗ್ಯಾಕ್ಸ್ ಗ್ರೇಹಾಕ್‌ನಲ್ಲೂ ಆಟ ನಡೆಸುತ್ತಿದ್ದರು. ಗ್ರೇಹಾಕ್‌ನಲ್ಲಿ ಆಟಗಾರರಾಗಿದ್ದ ರಾಬ್ ಕುಂಟ್ಜ್ ಆಮೇಲೆ ಗೈಗ್ಯಾಕ್ಸ್ ಜೊತೆ ತಾವೂ ಆಟ ನಡೆಸುವವರಾದರು. ಎರಡೂ ಲೋಕ ಆಡ್ತಾ ಆಡ್ತಾ ಬೆಳೆದವು. ಆಟಕ್ಕೆ ಮೊದಲೇ ನಲವತ್ತು ಪುಟದ ಇತಿಹಾಸ ಬರೆಯೋರನ್ನು ಕಂಡರೆ ನನಗೆ ಪಾಪ ಅನ್ನಿಸುತ್ತದೆ. ಅದನ್ನು ಯಾರೂ ಓದಲ್ಲ. ಬರೆದವರೂ ಎರಡನೇ ಸಲ ಓದಲ್ಲ.

ನಾವು ಮೊದಲು ಗಟ್ಟಿ ಮಾಡಿಕೊಂಡಿದ್ದು ಭೂಪಟ. ಅದರಲ್ಲೂ ನೀರು. ಹೊಳೆಗಳು ಒಂದಕ್ಕೊಂದು ಸೇರುತ್ತಾ ಹೋಗುತ್ತವೆ. ಸಮುದ್ರದ ಹತ್ತಿರ ಬಿಟ್ಟರೆ ಕವಲೊಡೆಯೋದು ಅಪರೂಪ. ದೊಡ್ಡ ಸರೋವರದಿಂದ ನೀರು ಹೊರಗೆ ಹೋಗುವ ದಾರಿ ಸಾಮಾನ್ಯವಾಗಿ ಒಂದೇ. ಫ್ಯಾಂಟಸಿ ಭೂಪಟಗಳಲ್ಲಿ ಒಂದೇ ಹೊಳೆ ಎರಡು ಸಮುದ್ರಕ್ಕೆ ಹರಿಯೋದನ್ನು ನೋಡಿರುತ್ತೀರಿ, ಅಲ್ವಾ? ಮಂತ್ರದ ಲೋಕದಲ್ಲಿ ಅದೂ ನಡೆಯುತ್ತದೆ ಅನ್ನಬಹುದು. ಆದರೆ ಆಗ ಅದಕ್ಕೊಂದು ಕಾರಣ ಹುಡುಕಬೇಕು, ಮೂವರೂ ಅದನ್ನು ನೆನಪಿಟ್ಟುಕೊಳ್ಳಬೇಕು.

ಗಾಳಿ ಪಶ್ಚಿಮದಿಂದ ಬೀಸುತ್ತದೆ ಅಂತ ಇಟ್ಟುಕೊಂಡೆವು. ನಡುವೆ ಉದ್ದಕ್ಕೆ ಮೂಳೆಬೆಟ್ಟ. ಅದರ ಪಶ್ಚಿಮಕ್ಕೆ ಮಳೆ, ಕಾಡು, ದವಸ. ಪೂರ್ವಕ್ಕೆ ಮಳೆ ನೆರಳು, ಒಣಭೂಮಿ, ಕುರಿ ಮೇಯಿಸುವ ಜನ. ಪೂರ್ವದ ಕಡೆ ಇಳಿದ ಹೊಳೆ ಸಮುದ್ರ ಸೇರಲ್ಲ, ತಗ್ಗಿನ ಒಂದು ಸರೋವರದಲ್ಲಿ ನಿಂತುಬಿಡುತ್ತದೆ. ಹೊರಗೆ ದಾರಿಯೇ ಇಲ್ಲದ ಸರೋವರದಿಂದ ನೀರು ಹೋಗೋದು ಆವಿಯಾಗಿ ಮಾತ್ರ. ಹೊಳೆ ತಂದ ಲವಣ ಅಲ್ಲೇ ಉಳಿಯುತ್ತದೆ, ನೀರು ಉಪ್ಪಾಗುತ್ತದೆ. ಅಲ್ಲಿ ಹುಟ್ಟಿದ್ದು ಉಪ್ಪುಕೋಟೆ. ದವಸ ಈ ಕಡೆ, ಉಪ್ಪು ಆ ಕಡೆ, ನಡುವೆ ಒಂದೇ ಕಣಿವೆ ದಾರಿ. ಆ ದಾರಿಯಲ್ಲೊಂದು ಸುಂಕದ ಕಟ್ಟೆ. ಇಷ್ಟು ಸಿಕ್ಕ ಮೇಲೆ ಯುದ್ಧ ಯಾಕೆ ಆಗುತ್ತದೆ ಅಂತ ಯಾರೂ ಕೂತು ಬರೆಯಬೇಕಾಗಲಿಲ್ಲ. ಮೂವರು ಜಿಎಂಗಳಿಗೂ ಕಾರಣ ಭೂಪಟದಲ್ಲೇ ಕಾಣುತ್ತಿತ್ತು.

ದೂರ ಅಳೆಯೋದಕ್ಕೆ ಭೂಪಟದ ಮೇಲೆ ಹೆಕ್ಸ್ ಮನೆಗಳು, ಅಂದರೆ ಆರು ಮೂಲೆಯ ಚೌಕಟ್ಟುಗಳು, ಒಂದೊಂದು 6 ಮೈಲಿ ಅಗಲ. ಈ ಅಳತೆ ಸುಮ್ನೆ ಬಂದಿದ್ದಲ್ಲ. ಬಯಲಿನಲ್ಲಿ ನಿಂತ ಮನುಷ್ಯನಿಗೆ ದಿಗಂತ ಕಾಣೋದು ಸುಮಾರು 3 ಮೈಲಿ ದೂರಕ್ಕೆ. ಅಂದರೆ ಮನೆಯ ನಡುವೆ ನಿಂತರೆ ಹೆಚ್ಚುಕಮ್ಮಿ ಅದರ ಅಂಚಿನವರೆಗೆ ಕಾಣುತ್ತದೆ. ಡಿ ಅಂಡ್ ಡಿಯ 2014ರ ನಿಯಮದಲ್ಲಿ ಸಾಧಾರಣ ನಡಿಗೆಗೆ ದಿನಕ್ಕೆ 24 ಮೈಲಿ, ಅಂದರೆ ನಾಲ್ಕು ಮನೆ. ಲೆಕ್ಕ ಬಾಯಲ್ಲೇ ಮುಗಿಯುತ್ತದೆ.

ಎರಡನೆಯದು ಮಂತ್ರ. ನಿಯಮದ ಪುಸ್ತಕದಲ್ಲಿರುವ ಮಂತ್ರಗಳನ್ನು ಆ ಲೋಕದ ಜನ ನಿಜವಾಗಲೂ ಬಳಸಿದರೆ ಏನಾಗುತ್ತದೆ? ಈ ಪ್ರಶ್ನೆಯೊಂದೇ ನಮಗೆ ಅರ್ಧ ರಾಜಕೀಯ ಕೊಟ್ಟಿತು. 'ಕ್ರಿಯೇಟ್ ಫುಡ್ ಅಂಡ್ ವಾಟರ್' ತಗೊಳ್ಳಿ. ಒಂದು ಸಲ ಹಾಕಿದರೆ 15 ಜನಕ್ಕೆ ಒಂದು ದಿನದ ಊಟ. ರುಚಿ ಇರಲ್ಲ, ಹೊಟ್ಟೆ ತುಂಬುತ್ತದೆ. 5ನೇ ಮಟ್ಟಕ್ಕೆ ಏರಿದ ಕ್ಲೆರಿಕ್ (ದೇವರಿಂದ ಮಂತ್ರ ಪಡೆಯುವ ಅರ್ಚಕರಂಥ ಪಾತ್ರ) ದಿನಕ್ಕೆ ಎರಡು ಸಲ ಹಾಕಬಹುದು. ಅಂಥ ಹತ್ತು ಜನ ಕ್ಲೆರಿಕ್‌ಗಳಿದ್ದರೆ 300 ಜನರ ಕೋಟೆಗೆ ಎಷ್ಟು ವರ್ಷ ಮುತ್ತಿಗೆ ಹಾಕಿದರೂ ಉಪವಾಸ ಬೀಳಿಸೋಕೆ ಆಗಲ್ಲ. ಹಾಗಾಗಿ ನಮ್ಮ ಲೋಕದಲ್ಲಿ ಮುತ್ತಿಗೆ ಶುರುವಾಗೋದು ಅರ್ಚಕರಿಗೆ ಲಂಚ ಕೊಡೋದರಿಂದ.

ಸತ್ತವರನ್ನು ಬದುಕಿಸುವ 'ರೈಸ್ ಡೆಡ್' ಮಂತ್ರ ಇನ್ನೂ ಮಜಾ. ಅದಕ್ಕೆ 500 ಚಿನ್ನದ ನಾಣ್ಯದ ವಜ್ರ ಬೇಕು, ಸತ್ತು 10 ದಿನ ದಾಟಿರಬಾರದು, ಹೆಣಕ್ಕೆ ತಲೆ ಇರಬೇಕು. ಈ ಮೂರು ಷರತ್ತನ್ನೇ ಕಾನೂನು ಮಾಡಿದೆವು. ರಾಜ ಸತ್ತರೆ ಹನ್ನೊಂದನೇ ದಿನದವರೆಗೆ ಮಗನಿಗೆ ಪಟ್ಟ ಕಟ್ಟುವ ಹಾಗಿಲ್ಲ. ವಜ್ರದ ಗಣಿ ಯಾರ ಕೈಲಿದೆಯೋ ಅವರ ಕೈಲಿ ಎಲ್ಲ ರಾಜರ ಪ್ರಾಣ. ಬಾಡಿಗೆ ಕೊಲೆಗಾರರು ತಲೆ ತೆಗೆದುಕೊಂಡು ಹೋಗುತ್ತಾರೆ, ಅದಕ್ಕೆ ಬೇರೆ ದರ. ನಿಯಮ ಬಲ್ಲ ಆಟಗಾರರೊಬ್ಬರು ಕೂಡಲೇ ಕೇಳಿದರು: "ಹೆಣ ಕೆಡದ ಹಾಗೆ ಇಡೋ ಜೆಂಟಲ್ ರಿಪೋಸ್ ಮಂತ್ರ ಹಾಕಿ ಗಡುವು ಮುಂದಕ್ಕೆ ತಳ್ಳಬಹುದಲ್ವಾ?" ತಳ್ಳಬಹುದು. ಅದಕ್ಕೇ ರಾಜರ ಹೆಣದ ಮೇಲೆ ಆ ಮಂತ್ರ ಹಾಕೋದು ರಾಜದ್ರೋಹ ಅಂತ ಅವತ್ತೇ ಸೇರಿಸಿದೆವು. 10ನೇ ಮಟ್ಟ ದಾಟಿದ ಕ್ಲೆರಿಕ್ ಲೋಕದಲ್ಲಿ ಯಾರೂ ಇಲ್ಲ ಅಂತಲೂ ಒಪ್ಪಿಕೊಂಡೆವು. ಇಲ್ಲದಿದ್ದರೆ ಇನ್ನೂ ದೊಡ್ಡ ಮಂತ್ರಗಳು ಬಂದು ಇದನ್ನೆಲ್ಲ ಹಾಳು ಮಾಡುತ್ತವೆ.

ಗಟ್ಟಿ ಮಾಡಿದ್ದು ಇಷ್ಟೇ: ನೀರು, ದೂರ, ಸಾವು, ಜೊತೆಗೊಂದು ಕ್ಯಾಲೆಂಡರ್.

ದೇವರು, ಇತಿಹಾಸ, ರಾಜವಂಶ, ರಾಕ್ಷಸರು ಎಲ್ಲಿಂದ ಬಂದರು ಅನ್ನೋದು, ಇವೆಲ್ಲ ನಮ್ಮ ಹಂಚಿಕೊಂಡ ನೋಟ್‌ಬುಕ್ಕಿನಲ್ಲಿ ಒಂದೇ ರೀತಿ ಇರುತ್ತವೆ. ಒಂದು ಸಾಲು, ಅದರ ಮುಂದೆ ಯಾರು ಹೇಳಿದ್ದು ಅಂತ. ಹೇಳಿದವರ ಹೆಸರಿಲ್ಲದೆ ಸಾಲು ಸೇರಿಸೋ ಹಾಗಿಲ್ಲ. ಹೊಳೆಯಮ್ಮನ ಪುಟ ಹೀಗಿದೆ:

"ಹೊಳೆಯಮ್ಮ ಸತ್ತು ಎಷ್ಟೋ ತಲೆಮಾರು ಆಯ್ತು. ಮೂಳೆಬೆಟ್ಟ ಅವಳದೇ ಮೂಳೆ." ಹೇಳಿದ್ದು: ಉಪ್ಪುಕೋಟೆಯ ಅರ್ಚಕರು.

"ಸತ್ತಿಲ್ಲ. ಸರೋವರದ ತಳದಲ್ಲಿ ಕಟ್ಟಿಹಾಕಿದ್ದಾರೆ. ಅವಳ ಕಣ್ಣೀರಿಗೇ ನೀರು ಉಪ್ಪು." ಹೇಳಿದ್ದು: ಅಂಬಿಗರು.

"ಹೊಳೆಯಮ್ಮ ಅಂತ ಯಾರೂ ಇರಲೇ ಇಲ್ಲ. ಸುಂಕ ಎತ್ತೋಕೆ ಹುಟ್ಟಿಸಿದ ಹೆಸರು." ಹೇಳಿದ್ದು: ಸುಂಕದ ಕಟ್ಟೆಯ ಗುಮಾಸ್ತ, ಕುಡಿದಾಗ.

ಮೊದಲ ಸಾಲು ನನ್ನದು, ಎರಡನೆಯದು ಇನ್ನೊಬ್ಬ ಜಿಎಂದು. ಬೇರೆ ಪದ್ಧತಿಯಲ್ಲಾಗಿದ್ದರೆ ಯಾವುದು ಸರಿ ಅಂತ ನಾವಿಬ್ಬರೂ ವಾದ ಮಾಡಬೇಕಿತ್ತು. ಇಲ್ಲಿ ಆ ವಾದ ಪಾತ್ರಗಳ ಪಾಲಿಗೆ ಹೋಯಿತು. ಒಂದು ಗುಂಪಿನಲ್ಲಿದ್ದ ಕ್ಲೆರಿಕ್ ಹೊಳೆಯಮ್ಮನ ಭಕ್ತೆ. ಉಪ್ಪುಕೋಟೆಗೆ ಬಂದು ಅರ್ಚಕರ ಮಾತು ಕೇಳಿ ಆಟಗಾರ್ತಿ ತಲೆ ಎತ್ತಿ ನನ್ನ ಮುಖ ನೋಡಿದರು. "ದೇವಿ ಸತ್ತಿದ್ದರೆ ನನಗೆ ಮಂತ್ರ ಕೊಡ್ತಿರೋದು ಯಾರು?" ಅದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ. ಆ ಪ್ರಶ್ನೆ ಹಿಡಿದುಕೊಂಡೇ ಅವರ ಗುಂಪು ತಿಂಗಳುಗಟ್ಟಲೆ ಆಡಿತು.

ಗ್ಲೋರಾಂತಾ ಆಡುವವರಿಗೆ ಈ ಧೋರಣೆ ಹಳೆಯ ಪರಿಚಯ. ಗ್ರೆಗ್ ಸ್ಟ್ಯಾಫರ್ಡ್ 1966ರಲ್ಲಿ ಶುರು ಮಾಡಿದ ಆ ಲೋಕದಲ್ಲಿ ಒಂದೇ ಘಟನೆಯನ್ನು ಒಂದೊಂದು ಜನ ಒಂದೊಂದು ಥರ ಹೇಳುತ್ತಾರೆ. ಒಂದು ಮೇಜಿನ ಗ್ಲೋರಾಂತಾ ಇನ್ನೊಂದರ ಹಾಗೆ ಇರಬೇಕಿಲ್ಲ ಅನ್ನೋದೂ ಅಲ್ಲಿ ಒಪ್ಪಿದ ಮಾತೇ. ನಮಗೆ ಅಷ್ಟು ಸಡಿಲ ಬಿಡೋಕೆ ಆಗಲ್ಲ, ಯಾಕಂದರೆ ನಮ್ಮ ಗುಂಪುಗಳು ಒಂದನ್ನೊಂದು ಭೇಟಿಯಾಗುತ್ತವೆ. ಅದಕ್ಕೆ ಇನ್ನೊಂದು ನಿಯಮ. ಪಾತ್ರಗಳು ಆಟದಲ್ಲಿ ಕಣ್ಣಾರೆ ಕಂಡಿದ್ದು 'ಕಂಡಿದ್ದು' ಪಟ್ಟಿಗೆ ಹೋಗುತ್ತದೆ, ಆಟದ ದಿನಾಂಕದ ಜೊತೆ. ಅದನ್ನು ಯಾರೂ ಅಳಿಸೋ ಹಾಗಿಲ್ಲ. ಕಾಣದೇ ಇರೋದು ಏನೇ ಆಗಲಿ, ಎಷ್ಟೇ ಚೆನ್ನಾಗಿರಲಿ, ವದಂತಿಯೇ. ಗುಟ್ಟಾಗಿ ನಿಜವಾದ ಉತ್ತರ ಬರೆದಿಟ್ಟುಕೊಳ್ಳೋದಕ್ಕೂ ಅವಕಾಶ ಇಲ್ಲ. ಒಬ್ಬರ ಜೇಬಿನಲ್ಲಿ ಉತ್ತರ ಇದ್ದರೆ ಲೋಕ ಅವರದಾಗಿಬಿಡುತ್ತದೆ. ಉಳಿದ ಇಬ್ಬರು ಜಿಎಂಗಳು ಅವರ ಲೋಕದ ಬಾಡಿಗೆದಾರರು.

ಸೀಮೆಗಳನ್ನೂ ಹಂಚಿಕೊಂಡಿದ್ದೇವೆ. ಗ್ರೇಹಾಕ್ ಲೋಕದಲ್ಲೇ ಹಲವು ದೇಶಗಳ ಗುಂಪುಗಳು ಸೇರಿ 2000ರಿಂದ 2008ರವರೆಗೆ ನಡೆಸಿದ ಲಿವಿಂಗ್ ಗ್ರೇಹಾಕ್ ಅನ್ನೋ ಆಟದಲ್ಲಿ ಲೋಕದ ಒಂದೊಂದು ಭಾಗವನ್ನು ನಿಜವಾದ ದೇಶ, ರಾಜ್ಯಗಳ ಆಟಗಾರರಿಗೆ ಒಪ್ಪಿಸಿದ್ದರು. ನಮ್ಮದು ಅದರ ಪುಟ್ಟ ರೂಪ. ಪಕ್ಕದ ಸೀಮೆಯಿಂದ ವ್ಯಾಪಾರಿ, ಸೈನಿಕ, ಕಾಗದ ಏನು ಬೇಕಾದರೂ ತರಬಹುದು. ಆದರೆ ಅಲ್ಲಿನ ಊರು ಸುಡೋಕೆ, ಹೆಸರಿರುವವರನ್ನು ಕೊಲ್ಲೋಕೆ ಆ ಸೀಮೆಯ ಜಿಎಂನ ಕೇಳಬೇಕು.

ಕಾಲದ ಲೆಕ್ಕ ಬೇಜಾರಿನ ಕೆಲಸ, ಬಿಡೋಕೂ ಆಗಲ್ಲ. ಡಿ ಅಂಡ್ ಡಿಯ 1979ರ ಜಿಎಂ ಕೈಪಿಡಿಯಲ್ಲಿ ಗೈಗ್ಯಾಕ್ಸ್ ಕಾಲದ ಲೆಕ್ಕ ಕಟ್ಟುನಿಟ್ಟಾಗಿ ಇಡಬೇಕು ಅಂತ ದೊಡ್ಡಕ್ಷರದಲ್ಲೇ ಬರೆದರು. ಹಲವು ಗುಂಪಿನ ಲೋಕಕ್ಕೆ ಆ ಮಾತು ಪೂರ್ತಿ ನಿಜ. ನಮ್ಮಲ್ಲಿ ಎರಡು ಸೆಷನ್ ನಡುವೆ ಕಳೆದಷ್ಟು ದಿನ ಲೋಕದಲ್ಲೂ ಕಳೆಯುತ್ತದೆ. ಸೆಷನ್ ಮುಗಿಯೋ ಹೊತ್ತಿಗೆ ಪಾತ್ರಗಳು ಯಾವುದಾದರೂ ಊರು ಸೇರಿರಬೇಕು. ಇದರಿಂದ ಸುಟ್ಟ ಸೇತುವೆಯ ಸಮಸ್ಯೆ ಹೆಚ್ಚುಕಮ್ಮಿ ತೀರಿತು.

ಹಳೆಯ ಇತಿಹಾಸಕ್ಕೆ ಬೆನ್ ರಾಬಿನ್ಸ್‌ರ 'ಮೈಕ್ರೋಸ್ಕೋಪ್' ಆಟ ಬಳಸಿದೆವು, 2011ರದ್ದು. ಮೊದಲು ಆದಿ, ಅಂತ್ಯ ಇಟ್ಟುಕೊಂಡು ನಡುವೆ ಎಲ್ಲಿ ಬೇಕಾದರೂ ತುಂಬುತ್ತಾ ಹೋಗೋದು. ತಮ್ಮ ಸರದಿಯಲ್ಲಿ ಏನು ಸೇರಿಸಬೇಕು ಅನ್ನೋದು ಅವರವರದೇ ತೀರ್ಮಾನ, ಬೇರೆಯವರು ಸಲಹೆ ಕೊಡೋ ಹಾಗಿಲ್ಲ. ಇದೊಂದು ನಿಯಮಕ್ಕಾದರೂ ಆ ಆಟ ಆಡಬೇಕು. ಶುರುವಿನಲ್ಲೇ ಏನಿರಬೇಕು, ಏನಿರಬಾರದು ಅಂತ ಪಟ್ಟಿ ಮಾಡೋದೂ ಅದರಲ್ಲೇ ಬರುತ್ತದೆ. ಬಂದೂಕು ಬೇಡ, ಎಲ್ಫ್ (ಫ್ಯಾಂಟಸಿ ಕಥೆಗಳ ಚೂಪುಕಿವಿಯ ಜನ) ಬೇಡ ಅಂದೆವು. ಮಕ್ಕಳ ಮೇಲಿನ ಹಿಂಸೆ ತೆರೆಯ ಹಿಂದೆಯೂ ಬೇಡ ಅಂದೆವು. ಎಲ್ಫ್ ವಿಷಯಕ್ಕೆ ಇವತ್ತಿಗೂ ಒಬ್ಬರು ಮುನಿಸಿಕೊಂಡಿದ್ದಾರೆ.

ಈಚೆಗೆ ನಮ್ಮಲ್ಲೊಬ್ಬರು ಜಿಎಂ ಕೆಲಸ ಬಿಟ್ಟರು. ಕಣಿವೆ ಸೀಮೆ ಅವರದು. ಕೆಲವು ವಾರ ದಾರಿಯಲ್ಲಿ ಗುಡ್ಡ ಕುಸಿದಿದೆ ಅಂತ ವ್ಯಾಪಾರಿಗಳ ಬಾಯಲ್ಲಿ ಹೇಳಿಸಿ ತಳ್ಳಿದೆವು. ಆಮೇಲೆ ಆ ಹೊಳೆಯಮ್ಮನ ಆಟಗಾರ್ತಿಯೇ ಸೀಮೆ ವಹಿಸಿಕೊಳ್ಳುತ್ತೇನೆ ಅಂದರು. 'ಕಂಡಿದ್ದು' ಪಟ್ಟಿ ಕೊಟ್ಟೆವು, ವದಂತಿಗಳ ನೋಟ್‌ಬುಕ್ ಕೊಟ್ಟೆವು, ಬೇರೇನೂ ವಿವರಿಸಲಿಲ್ಲ. ಮೊದಲ ಸೆಷನ್ನಿನಲ್ಲೇ ಸುಂಕದ ಕಟ್ಟೆಯ ಗುಮಾಸ್ತ ಕೊಲೆಯಾಗಿ ಬಿದ್ದಿದ್ದ. ಅವರ ಸೀಮೆ, ಯಾರನ್ನೂ ಕೇಳಬೇಕಾಗಿರಲಿಲ್ಲ. 'ಕಂಡಿದ್ದು' ಪಟ್ಟಿಗೆ ಅವರು ಸೇರಿಸಿದ ಮೊದಲ ಸಾಲು: "ಹೆಣ ಸಿಕ್ಕಿದೆ. ತಲೆ ಇಲ್ಲ."