ಏರ್ ರೈಫಲ್ ನಳಿಕೆಯೊಳಗಿನ ಒತ್ತಡ: ಲೆಕ್ಕ ಹಾಕುವುದು ಹೇಗೆ, ಸಮವಾಗಿ ಇಡುವುದು ಹೇಗೆ

10 ಮೀಟರ್ ಏರ್ ರೈಫಲ್‌ನ ಸಿಲಿಂಡರ್ ಗೇಜ್ 200 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ವಾತಾವರಣದ ಒತ್ತಡ) ತೋರಿಸುತ್ತಿದ್ದರೆ, ಪೆಲೆಟ್ಟನ್ನೂ, ಅಂದರೆ ಪುಟ್ಟ ಗುಂಡನ್ನೂ, ಅದೇ 200 ಬಾರ್ ತಳ್ಳುತ್ತದೆ ಎಂದು ಹೊಸಬರು ತಿಳಿದಿರುತ್ತಾರೆ. ಹಾಗಲ್ಲ. ಒತ್ತಡ ನಿಯಂತ್ರಿಸುವ ರೆಗ್ಯುಲೇಟರ್ ಮೊದಲು ಅದನ್ನು ಬಹಳಷ್ಟು ಇಳಿಸುತ್ತದೆ. ವಾಲ್ವ್ ಕ್ಷಣಮಾತ್ರ ತೆರೆದು ಅಳತೆಯ ಗಾಳಿಯನ್ನಷ್ಟೇ ಬಿಡುತ್ತದೆ. ಪೆಲೆಟ್ ಮುಂದೆ ಸರಿದಂತೆಲ್ಲ ಅದರ ಹಿಂದಿನ ಜಾಗ ಹಿಗ್ಗಿ ಒತ್ತಡ ಕುಸಿಯುತ್ತಾ ಹೋಗುತ್ತದೆ.

ಸರಾಸರಿ ಒತ್ತಡ ತಿಳಿಯಲು ನಳಿಕೆಗೆ ತೂತು ಕೊರೆಯಬೇಕಿಲ್ಲ. ಪೆಲೆಟ್ ತೂಗಿ, ಕ್ರೋನೋಗ್ರಾಫ್‌ನಲ್ಲಿ (ಗುಂಡಿನ ವೇಗ ಅಳೆಯುವ ಸಾಧನ) 10 ಹೊಡೆತಗಳ ವೇಗ ಅಳೆದು ಸರಾಸರಿ ತೆಗೆಯಿರಿ. ಪೆಲೆಟ್ 0.53 ಗ್ರಾಂ, ವೇಗ ಸೆಕೆಂಡಿಗೆ 175 ಮೀಟರ್ ಎಂದಿಟ್ಟುಕೊಳ್ಳಿ. ಚಲನಶಕ್ತಿ: ½ × 0.00053 × 175² = ಸುಮಾರು 8.1 ಜೂಲ್. ನಳಿಕೆಯ ಉದ್ದ 0.42 ಮೀಟರ್ ಆದರೆ, 8.1 ÷ 0.42 = 19.3 ನ್ಯೂಟನ್ ಬಲ. 4.5 ಮಿ.ಮೀ. ವ್ಯಾಸಕ್ಕೆ ವಿಸ್ತೀರ್ಣ 15.9 ಚದರ ಮಿ.ಮೀ. ಬಲವನ್ನು ಈ ವಿಸ್ತೀರ್ಣದಿಂದ ಭಾಗಿಸಿದರೆ ಚದರ ಮಿ.ಮೀ.ಗೆ 1.21 ನ್ಯೂಟನ್, ಅಂದರೆ ಸುಮಾರು 12 ಬಾರ್ ಬರುತ್ತದೆ. ಘರ್ಷಣೆ ಈ ಲೆಕ್ಕದಲ್ಲಿ ಸೇರಿಲ್ಲವಾದ್ದರಿಂದ ನಿಜವಾದ ಒತ್ತಡ ಇದಕ್ಕಿಂತ ತುಸು ಹೆಚ್ಚು. ಆರಂಭದಲ್ಲಂತೂ ಸರಾಸರಿಗಿಂತ ಬಹಳ ಮೇಲಿರುತ್ತದೆ.

ಪೆಲೆಟ್ ಮತ್ತು ನಳಿಕೆ ಅವೇ ಇದ್ದರೆ ಸರಾಸರಿ ಒತ್ತಡ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂಬುದು ಇಲ್ಲಿ ಮುಖ್ಯ. ವೇಗ 175ರಿಂದ 170ಕ್ಕೆ ಇಳಿದರೆ ಸರಾಸರಿ ಒತ್ತಡ 5.6% ಕಡಿಮೆಯಾಗಿದೆ ಎಂದರ್ಥ. ಆದ್ದರಿಂದ ಒಂದೇ ಹೊಡೆತ ನೋಡಿ ತೀರ್ಮಾನಕ್ಕೆ ಬರಬೇಡಿ, ವೇಗ ಬದಲಾಗುವ ರೀತಿ ನೋಡಿ. ಹೊಡೆತದಿಂದ ಹೊಡೆತಕ್ಕೆ ವೇಗ ಇಳಿಯುತ್ತಲೇ ಇದ್ದರೆ, ಸಿಲಿಂಡರ್ ಒತ್ತಡ ರೆಗ್ಯುಲೇಟರ್‌ನ ಸೆಟ್ಟಿಂಗಿಗಿಂತ ಕೆಳಗೆ ಬಂದಿದೆ, ತುಂಬಿಸಿ. ಐದು ನಿಮಿಷ ಬಿಟ್ಟು ಹೊಡೆದ ಮೊದಲ ಪೆಲೆಟ್ ಮಾತ್ರ ಜೋರಾಗಿ ಹೋದರೆ, ರೆಗ್ಯುಲೇಟರ್‌ನ ಸೀಟ್ (ಒಳಗೆ ಗಾಳಿಯನ್ನು ಮುಚ್ಚಿ ಹಿಡಿಯುವ ಭಾಗ) ಗಾಳಿ ಜಿನುಗಿಸುತ್ತಿರುವ ಸಾಧ್ಯತೆ ಹೆಚ್ಚು. ಅದನ್ನು ನೀವೇ ಬಿಚ್ಚಬೇಡಿ, ತರಬೇತಿಯಿರುವ ಮೆಕ್ಯಾನಿಕ್‌ಗೆ ಕೊಡಿ. ವೇಗ ಗೊತ್ತುಗುರಿಯಿಲ್ಲದೆ ಏರಿಳಿದರೆ ಮೊದಲು ಪೆಲೆಟ್ ಡಬ್ಬಿಯನ್ನೇ ನೋಡಿ: ಪೆಲೆಟ್‌ನ ಹಿಂಬದಿಯ ತೆಳು ಅಂಚು ಒಂದು ಕಡೆ ಚಪ್ಪಟೆಯಾಗಿದ್ದರೂ ಅಲ್ಲಿಂದ ಗಾಳಿ ಸೋರುತ್ತದೆ.

ತುಂಬಿಸುವಾಗ ಅವಸರ ಬೇಡವೇ ಬೇಡ. ಒತ್ತಿದ ಗಾಳಿ ಬಿಸಿಯಾಗುತ್ತದೆ. 50 ಡಿಗ್ರಿಯಲ್ಲಿ 200 ಬಾರ್ ತೋರಿಸಿದ ಸಿಲಿಂಡರ್ 25 ಡಿಗ್ರಿಗೆ ತಣ್ಣಗಾದಾಗ ಸುಮಾರು 185ಕ್ಕೆ ಇಳಿಯುತ್ತದೆ. ಸೋರಿಕೆ ಎಂದು ಗಾಬರಿಯಾಗಬೇಡಿ. ಕವಾಟವನ್ನು ಕೂದಲೆಳೆಯಷ್ಟೇ ತಿರುಗಿಸಿ, ಸಿಲಿಂಡರ್ ಮೇಲೆ ಅಂಗೈ ಇಟ್ಟಿರಿ, ಬೆಚ್ಚಗಾದರೆ ನಿಲ್ಲಿಸಿ. ಸಿಲಿಂಡರ್ ಮೇಲೆ ಕೊರೆದಿರುವ ಗರಿಷ್ಠ ಒತ್ತಡವನ್ನು ಮೀರಬೇಡಿ, ಸಿಲಿಂಡರ್‌ನ ಬಳಕೆಯ ಅವಧಿ ಮುಗಿದಿದ್ದರೆ ತುಂಬಿಸಲೇಬೇಡಿ.

ಶುದ್ಧವಾದ ಒಣ ಗಾಳಿಯನ್ನೇ ಬಳಸಿ. ತೇವವಿದ್ದರೆ ಒಳಗೆ ತುಕ್ಕು ಹಿಡಿದು ವಾಲ್ವ್ ಕೆಡುತ್ತದೆ. ಆಮ್ಲಜನಕವನ್ನು ಎಂದೂ ತುಂಬಿಸಬೇಡಿ: ಅಷ್ಟು ಒತ್ತಡದಲ್ಲಿ ಎಣ್ಣೆಯ ಒಂದು ತೊಟ್ಟು ಸಾಕು, ಹೊತ್ತಿಕೊಂಡು ಸಿಲಿಂಡರ್ ಸಿಡಿಯುತ್ತದೆ. ಇದೇ ಕಾರಣಕ್ಕೆ ಫಿಲ್ಲಿಂಗ್ ಬಾಯಿಗೆ ಸಾದಾ ಎಣ್ಣೆಯನ್ನೂ ಗ್ರೀಸನ್ನೂ ಸೋಕಿಸಬಾರದು. ಮೆದುಗೊಳವೆ ಬಿಚ್ಚುವ ಮುನ್ನ ಉಳಿದ ಗಾಳಿಯನ್ನು ಹೊರಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿ, ಗೇಜ್ ಮುಳ್ಳು ಸೊನ್ನೆಗೆ ಬರುವವರೆಗೆ ಕಾಯಿರಿ.