ಕೀಪರ್ ಕಣ್ಣೆತ್ತರಕ್ಕೊಂದು ಫೋನು

"ರೆಫ್ರಿ ಸಾರ್, ಮದುವೆ ಶೂಟಿಂಗ್ ಯಾರ್ದು?" ಅಂತ, ಫುಟ್‌ಬಾಲ್ ಮೈದಾನದಲ್ಲಿ ಫೋನು ಕಟ್ಟಿ ವಿಡಿಯೋ ನೋಡಿ ತೀರ್ಪು ಕೊಡಲು ಹೊರಟ ನನ್ನನ್ನು ಹೋದ ವರ್ಷ ಕೌಲ್ ಬಜಾರಿನ ಹುಡುಗರು ಕಾಡಿಸಿದ್ದು ಇನ್ನೂ ಕಿವಿಯಲ್ಲಿದೆ. ಈ ಸಲದ ಟೂರ್ನಿಯಲ್ಲಿ ಅದೇ ಹುಡುಗರ ಕೋಚ್ ಎರಡು ಸಲ ಕಾರ್ಡ್ ಎತ್ತಿ ರಿವ್ಯೂ ಕೇಳಿದ. ಒಂದು ಗೆದ್ದ, ಒಂದು ಸೋತ. ಸೋತಾಗಲೂ ತೆಪ್ಪಗೆ ಹೋಗಿ ಕೂತ. ಬಳ್ಳಾರಿಯ ಮೈದಾನಗಳನ್ನು ಬಲ್ಲವರಿಗೆ ಇದೆಷ್ಟು ದೊಡ್ಡ ಸುದ್ದಿ ಅಂತ ನಾನು ಹೇಳಬೇಕಿಲ್ಲ.

ತನ್ನವನು ಚೆಂಡು ಹೊಡೆಯುವಾಗ ಎದುರಾಳಿ ಡಿಫೆಂಡರುಗಳನ್ನು ದಾಟಿ ಗೋಲ್ ಹತ್ತಿರ ನಿಂತಿದ್ದನೋ, ಅಂದರೆ ಆಫ್‌ಸೈಡ್ ಇದ್ದನೋ ಅನ್ನುವ ಲೈನ್ ಜಗಳ ಬಿಡಿ, ಅದು ಹತ್ತು ನಿಮಿಷದಲ್ಲಿ ಆರುತ್ತದೆ. ರಾತ್ರಿ ಒಗ್ಗರಣೆ ಮಿರ್ಚಿ ಅಂಗಡಿ ತನಕ ಬೆನ್ನು ಹತ್ತಿ ಬರುವುದು ಆಫ್‌ಸೈಡ್ ಜಾಗದಲ್ಲಿ, ಚೆಂಡು ಮುಟ್ಟದೆ ಕೀಪರ್ ಮುಂದೆ ನಿಂತವನ ಜಗಳ: ಅವನು ಕೀಪರ್ ಕಣ್ಣಿಗೆ ಅಡ್ಡ ಬಂದಿದ್ದರೆ ಗೋಲ್ ಇಲ್ಲ. ದೊಡ್ಡವರಿಗೇ ಇದು ಬಗೆಹರಿದಿಲ್ಲ. ಇಂಗ್ಲೆಂಡಿನ ಲೀಗ್‌ನಲ್ಲಿ 2024ರ ಏಪ್ರಿಲ್‌ನಲ್ಲಿ ವೆಸ್ಟ್ ಹ್ಯಾಮ್ ತಂಡದ ಮೇಲೆ ವುಲ್ವ್ಸ್ ತಂಡದ ಕಿಲ್ಮನ್ ಕೊನೆ ಗಳಿಗೆಯಲ್ಲಿ ಹೆಡ್ ಮಾಡಿದ ಗೋಲ್ ರದ್ದಾಯಿತು. ಕೀಪರ್ ಫಾಬಿಯಾನ್ಸ್ಕಿ ಮುಂದೆ ವುಲ್ವ್ಸ್‌ನ ಚಿರೇವಾ ನಿಂತಿದ್ದ ಅಂತ. ಅದೇ ವರ್ಷ ಅಕ್ಟೋಬರ್‌ನಲ್ಲಿ ವುಲ್ವ್ಸ್ ಮೇಲೆ ಮ್ಯಾಂಚೆಸ್ಟರ್ ಸಿಟಿಯ ಸ್ಟೋನ್ಸ್ ಹೆಡ್ ಮಾಡಿದಾಗ ಕೀಪರ್ ಪಕ್ಕದಲ್ಲೇ ಬರ್ನಾರ್ಡೊ ಸಿಲ್ವಾ ಇದ್ದ, ಲೈನ್ಸ್‌ಮನ್ ಬಾವುಟವನ್ನೂ ಎತ್ತಿದ್ದ, ಕೊನೆಗೆ ವಿಎಆರ್ ಅನ್ನುವ ವಿಡಿಯೋ ರಿವ್ಯೂ ನೋಡಿ ಗೋಲ್ ಕೊಟ್ಟರು. ಎರಡೂ ಸಲ ಏಟು ತಿಂದದ್ದು ವುಲ್ವ್ಸೇ. ನನ್ನ ಪ್ರಕಾರ ಎರಡೂ ಸರಿ: ಹೆಡ್ ಆಗುವ ಹೊತ್ತಿಗೆ ಸಿಲ್ವಾ ಕೀಪರ್ ಕಣ್ಣಿನ ದಾರಿಯಿಂದ ಸರಿದಿದ್ದ. ನಮ್ಮ ರೆಫ್ರಿ ಗೆಳೆಯರಲ್ಲಿ ಇದನ್ನು ಒಪ್ಪುವವರು ಇಬ್ಬರೋ ಮೂವರೋ.

ಮೊದಲ ವರ್ಷ ನಾನೂ ಎಲ್ಲರಂತೆ ಗೆರೆ ಎಳೆಯಲು ಹೋಗಿ ಕೆಟ್ಟೆ. ಪಕ್ಕದ ಕಟ್ಟಡದ ಮಾಳಿಗೆ ಮೇಲೆ ಫೋನಿಟ್ಟು, ಮೈದಾನಕ್ಕೆ ಐದೈದು ಮೀಟರಿಗೆ ಸುಣ್ಣದ ಪಟ್ಟೆ ಹಾಕಿಸಿದೆ. ಸುಣ್ಣಕ್ಕೇ ಎಂಟುನೂರು ಹೋಯಿತು. ಬಳ್ಳಾರಿ ಗಾಳಿ ಅರ್ಧವನ್ನು ಮೊದಲ ಹಾಫ್ ಮುಗಿಯುವ ಮುಂಚೆ ಹೊತ್ತೊಯ್ದಿತು, ಉಳಿದದ್ದನ್ನು ಆಟಗಾರರ ಕಾಲು. ಅದಿರಲಿ, ಲೆಕ್ಕವೇ ಕೂಡಲಿಲ್ಲ. ಫಾರ್ವರ್ಡ್ ಮುಂದಕ್ಕೆ ಓಡುತ್ತಾನೆ, ಡಿಫೆಂಡರ್ ಎದುರಿಗೆ ಬರುತ್ತಾನೆ; ಸೆಕೆಂಡಿಗೆ 30 ಫ್ರೇಮಿನ ಫೋನಿನಲ್ಲಿ ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಅವರ ನಡುವಿನ ಅಂತರ ಹೆಚ್ಚುಕಡಿಮೆ ಒಂದು ಮೊಳ ಬದಲಾಗಿರುತ್ತದೆ. ಕತಾರ್‌ನ 2022ರ ವಿಶ್ವಕಪ್‌ನಲ್ಲಿ 12 ಕ್ಯಾಮೆರಾ ಕಟ್ಟಿ, ಚೆಂಡಿನೊಳಗೆ ಸೆಕೆಂಡಿಗೆ 500 ಸಲ ಲೆಕ್ಕ ಕೊಡುವ ಸೆನ್ಸರ್ ಇಟ್ಟದ್ದು ಸುಮ್ಮನೆ ಅಲ್ಲ. ಅವತ್ತೇ ತೀರ್ಮಾನಿಸಿದೆ: ಆಫ್‌ಸೈಡ್ ಜಾಗ ಹೌದೋ ಅಲ್ಲವೋ ಅನ್ನುವುದು ಲೈನ್ಸ್‌ಮನ್‌ಗೆ ಬಿಟ್ಟದ್ದು, ಅದರಲ್ಲಿ ರಿವ್ಯೂ ಇಲ್ಲ. ನಿಂತವನು ಕೀಪರ್‌ಗೆ ಅಡ್ಡ ಬಂದನೋ ಇಲ್ಲವೋ, ಅಷ್ಟಕ್ಕೇ ಫೋನು.

ಹಾಗಾಗಿ ಫೋನು ಗೋಲ್ ಹಿಂದಕ್ಕೆ ಹೋಯಿತು. ಮೊದಲನೇ ದಿನವೇ ಬಲೆ ಉಬ್ಬಿ ಬಂದು ಫೋನನ್ನು ಕೆಡವಿತು, ಡಿಸ್‌ಪ್ಲೇಗೆ 2,800. ದೂರ ಇಟ್ಟರೆ ಫೋಕಸ್ ಬಲೆಯ ದಾರಕ್ಕೇ ಅಂಟಿಕೊಂಡು, ಹಿಂದಿನ ಆಟಗಾರರೆಲ್ಲ ಮಂಜಿನಲ್ಲಿ ನಡೆದಂತೆ ಕಂಡರು. ಪೆನಾಲ್ಟಿ ಚುಕ್ಕಿಗೆ ಒಬ್ಬನನ್ನು ನಿಲ್ಲಿಸಿ, ಅವನ ಮೇಲೆ ಫೋಕಸ್ ಲಾಕ್ ಮಾಡಿದರೆ ಸಾಕು ಅಂತ ತಿಳಿಯಲು ಮೂರು ಮ್ಯಾಚ್ ಬೇಕಾಯಿತು. ಆಮೇಲೆ ಬಿಸಿಲು. ಏಪ್ರಿಲ್‌ನಲ್ಲಿ ಮಧ್ಯಾಹ್ನ ಮೂರೂವರೆಗೆ ಫೋನು ಕಾದು ತಾನೇ ಆಫ್ ಆಯಿತು, ಅದೇ ನಿಮಿಷಕ್ಕೆ ಗೋಲ್, ಅದೇ ಗೋಲಿಗೆ ಜಗಳ. ಆಯೋಜಕರು "ನಿನ್ನ ಸಹವಾಸ ಸಾಕಪ್ಪ" ಅಂದದ್ದು ಅವತ್ತು.

ಎಲ್ಲಕ್ಕಿಂತ ದೊಡ್ಡ ತಪ್ಪು ಎತ್ತರದ್ದು. ಫೋನು ಕಟ್ಟಿದ ಕಂಬ ಆರು ಅಡಿ ಇತ್ತು. ಅಷ್ಟೆತ್ತರದಿಂದ ನೋಡಿದರೆ ಅಡ್ಡ ನಿಂತವನ ಹೆಗಲ ಮೇಲಿಂದ ಚೆಂಡು ಕಂಡೇ ಕಾಣುತ್ತದೆ. ನಾನು "ಕ್ಲಿಯರ್" ಅಂತ ಗೋಲ್ ಕೊಡುತ್ತಿದ್ದೆ, ಕೀಪರ್ "ದೇವರಾಣೆ ಕಾಣ್ಲಿಲ್ಲ ಸಾರ್" ಅಂತ ಕಣ್ಣೀರು ಹಾಕುತ್ತಿದ್ದ. ಒಂದು ಭಾನುವಾರ ಅವನನ್ನೇ ಗೋಲಿನಲ್ಲಿ ನಿಲ್ಲಿಸಿ ಟೇಪು ಹಿಡಿದೆ. ಹೊಡೆತಕ್ಕೆ ಸಿದ್ಧನಾಗಿ ಮಂಡಿ ಬಗ್ಗಿಸಿದಾಗ ಕಣ್ಣು ನಾಲ್ಕೂವರೆ ಅಡಿಗೆ ಇಳಿದಿತ್ತು! ವೆಲ್ಡಿಂಗ್ ಅಂಗಡಿಯಲ್ಲಿ ಪೈಪು ಕೊಯ್ಸಿದೆ.

ಅದೇ ಭಾನುವಾರ ಇನ್ನೊಂದು ಆಟ ಆಡಿದೆವು. ಒಬ್ಬನನ್ನು ಕೀಪರ್ ಮುಂದೆ ಎರಡು ಹೆಜ್ಜೆಗೆ, ಆಮೇಲೆ ಆರು ಹೆಜ್ಜೆಗೆ ನಿಲ್ಲಿಸಿ, ಬಾಕ್ಸ್ ಹೊರಗಿನಿಂದ ಇಪ್ಪತ್ತಿಪ್ಪತ್ತು ಹೊಡೆತ. ಚೆಂಡು ಕಂಡ ಕೂಡಲೇ ಕೀಪರ್ "ಹಾ" ಅನ್ನಬೇಕು. ಎರಡು ಹೆಜ್ಜೆಯಲ್ಲಿ ಅರ್ಧಕ್ಕಿಂತ ಹೆಚ್ಚು ಸಲ "ಹಾ" ತಡವಾಯಿತು. ಆರು ಹೆಜ್ಜೆಯಲ್ಲಿ ಮೂರೋ ನಾಲ್ಕೋ ಸಲ, ಅದೂ ನಿಂತವನು ಅಲುಗಾಡಿದಾಗ. ಸುಮ್ಮನೆ ನಿಂತವನಿಗಿಂತ ಕೊನೇ ಗಳಿಗೆಯಲ್ಲಿ ಬಗ್ಗುವವನು ಹೆಚ್ಚು ಕಾಡುತ್ತಾನೆ.

ಬಿಸಿಲಿಗೆ ಮದ್ದು ನಮ್ಮೂರಲ್ಲೇ ಸಿಕ್ಕಿತು. ನಾನು ಜೀನ್ಸ್ ಯೂನಿಟ್‌ನಲ್ಲಿ ಲೆಕ್ಕ ಬರೆಯುವವನು, ಕಟಿಂಗ್ ಚಿಂದಿಗೆ ಬರವಿಲ್ಲ. ಎರಡು ಪದರದ ಜೀನ್ಸ್ ಮುಸುಕು ಹೊಲಿಸಿದೆ, ಹಿಂದೆ ತಲೆ ತೂರಿಸುವಷ್ಟು ಬಾಯಿ. ರಿವ್ಯೂ ಬಂದರೆ ರೆಫ್ರಿ ಗೋಲ್ ಹಿಂದಕ್ಕೆ ಓಡಿ, ಹಳೇ ಸ್ಟುಡಿಯೋ ಫೋಟೋಗ್ರಾಫರ್ ಹಾಗೆ ಮುಸುಕಿನೊಳಗೆ ತಲೆ ಹಾಕಿ ನೋಡುವುದು. ಒಳಗೆ ಬೆವರು, ಇಂಡಿಗೋ ವಾಸನೆ, ಹೊರಗೆ ಮುನ್ನೂರು ಜನರ ನಗೆ. ಆದರೆ ಪರದೆ ಅಚ್ಚುಕಟ್ಟಾಗಿ ಕಾಣುತ್ತದೆ, ಹೆಗಲ ಮೇಲಿಂದ ಇಣುಕಿ ತೀರ್ಪು ಹೇಳುವವರೂ ಇಲ್ಲ. ಕೋಚ್‌ಗೆ ಎರಡು ಕಾರ್ಡ್ ಕೊಡುವ ಉಪಾಯ ನನ್ನದಲ್ಲ. 2024ರಲ್ಲಿ ಕೊಲಂಬಿಯಾದ 20ರೊಳಗಿನ ಹೆಣ್ಣುಮಕ್ಕಳ ವಿಶ್ವಕಪ್‌ನಲ್ಲಿ ಫಿಫಾ ಪ್ರಯೋಗಿಸಿದ್ದು.

ಖರ್ಚು: ಸೆಕೆಂಡ್ ಹ್ಯಾಂಡ್ ಫೋನು ಮೂರು, ಒಂದೊಂದು ಆರೂವರೆ ಸಾವಿರ. ಪೈಪು, ಪವರ್ ಬ್ಯಾಂಕು, ಒಡೆದ ಡಿಸ್‌ಪ್ಲೇ ಸೇರಿ 26 ಸಾವಿರದ ಹತ್ತಿರ. ಆಯೋಜಕರು ಕೊಟ್ಟದ್ದು ಐದು. ಉಳಿದದ್ದು ಮನೆಯವಳ ಚೀಟಿ ದುಡ್ಡು, ಇನ್ನೂ ತೀರಿಸಿಲ್ಲ. ಎರಡು ಫೋನು ಎರಡು ಗೋಲ್ ಹಿಂದೆ. ಮೂರನೆಯದನ್ನು ಎಲ್ಲಿಟ್ಟೆ ಅಂತ ಕೇಳಬೇಡಿ, ಅದೊಂದು ನನಗಿರಲಿ.

ಫೈನಲ್‌ನಲ್ಲಿ 1-1 ಇತ್ತು. ಕಾರ್ನರ್‌ನಿಂದ ಹೊರಬಿದ್ದ ಚೆಂಡನ್ನು ಬಾಕ್ಸ್ ಅಂಚಿನಿಂದ ಹೊಡೆದರು, ಗೋಲ್. ಕೌಲ್ ಬಜಾರ್ ಕೋಚ್ ಕಾರ್ಡ್ ಎತ್ತಿದ. ಮುಸುಕಿನೊಳಗೆ ನಾಲ್ಕು ಸಲ ಹಿಂದೆ ಮುಂದೆ ಮಾಡಿದೆ. ಹೊಡೆಯುವ ಕ್ಷಣದಲ್ಲಿ ಒಂಬತ್ತನೇ ನಂಬರಿನ ಬೆನ್ನು ಚೆಂಡನ್ನು ಪೂರ್ತಿ ನುಂಗಿತ್ತು, ಕೀಪರ್ ಎಡಕ್ಕೆ ಕತ್ತು ಚಾಚಿ ಹುಡುಕುತ್ತಿದ್ದ. ಲೈನ್ಸ್‌ಮನ್‌ನ ಕೇಳಿದೆ, "ಜಾಗ?" "ಎರಡು ಹೆಜ್ಜೆ ಆಫ್‌ಸೈಡೇ ಇದ್ದ ಸಾರ್." ಗೋಲ್ ಇಲ್ಲ, ಕೌಲ್ ಬಜಾರ್‌ಗೆ ಇನ್‌ಡೈರೆಕ್ಟ್ ಫ್ರೀ ಕಿಕ್. ಒಂಬತ್ತನೇ ನಂಬರಿನವನನ್ನೇ ಕರೆದು ಮುಸುಕಿನೊಳಗೆ ತೋರಿಸಿದೆ. ಹೊರಗೆ ಬಂದವನು ಬೆವರು ಒರೆಸಿಕೊಂಡು, "ನನ್ ಬೆನ್ ಇಷ್ಟು ದೊಡ್ಡದೈತೇನ್ ಸಾರ್?" ಅಂದ.

ಈಗ ಹೊಸ ತಲೆನೋವು. ಹಿಂದೆ ಫೋನಿದೆ ಅಂತ ಗೊತ್ತಾದ ಮೇಲೆ ಕೀಪರ್‌ಗಳು ಬೇಕಂತಲೇ ಕತ್ತು ಚಾಚುತ್ತಿದ್ದಾರೆ. ಸೆಮಿಫೈನಲ್‌ನಲ್ಲಿ ಒಬ್ಬ ಚೆಂಡು ಬಲೆಯೊಳಗೆ ಬಿದ್ದ ಮೇಲೂ ಚಾಚಿಕೊಂಡೇ ನಿಂತಿದ್ದ.