ಚಳಿಗಾಲದ ಗೋಧಿಯನ್ನು ಶರತ್ಕಾಲದಲ್ಲೇ ಪಳಗಿಸುವುದು ಹೇಗೆ?

ಕೆನಡಾದ ಸಸ್ಕಾಚೆವನ್ ಪ್ರಾಂತ್ಯದಲ್ಲಿ ಜನವರಿಯ ರಾತ್ರಿ ಮೈನಸ್ 30 ಡಿಗ್ರಿಗೆ ಇಳಿಯುವುದು ಅಪರೂಪವೇನಲ್ಲ. ಅಂಥ ಚಳಿಯಲ್ಲೂ ಅಲ್ಲಿನ ಹೊಲಗಳಲ್ಲಿ ಗೋಧಿ ಪೈರು ಜೀವ ಹಿಡಿದಿರುತ್ತದೆ. ಆಗಸ್ಟ್ ಕೊನೆಗೋ ಸೆಪ್ಟೆಂಬರ್ ಮೊದಲಿಗೋ ಬಿತ್ತಿದ ಬೆಳೆ ಅದು. ಚಳಿಗಾಲವಿಡೀ ಹಿಮದಡಿ ಮಲಗಿದ್ದು, ಏಪ್ರಿಲ್‌ನಲ್ಲಿ ಮತ್ತೆ ಚಿಗುರಿ, ಮರುವರ್ಷದ ಆಗಸ್ಟ್ ಹೊತ್ತಿಗೆ ಕಟಾವಿಗೆ ಬರುತ್ತದೆ. ಕೆಲವು ವರ್ಷ ಮಾತ್ರ ಹಿಮ ಕರಗಿದಾಗ ಹೊಲ ಕಂದಾಗಿ ಸತ್ತಿರುತ್ತದೆ. ಆಗ ಎಲ್ಲರ ಬೆರಳೂ ಜನವರಿಯ ಕಡೆಗೆ ಹೋಗುತ್ತದೆ. ಹಿಂದಿನ ತಿಂಗಳುಗಳ ಹವಾಮಾನ ತೆಗೆದು ನೋಡಿದರೆ, ಎಷ್ಟೋ ಸಲ ಆ ಬೆಳೆಯ ಹಣೆಬರಹ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಬರೆದಾಗಿರುತ್ತದೆ.

ಹುಟ್ಟಿನಿಂದಲೇ ಚಳಿ ತಡೆಯುವ ಗೋಧಿ ಎಂಬುದಿಲ್ಲ. ಬೆಚ್ಚಗಿನ ಮಣ್ಣಿನಲ್ಲಿ ಬೆಳೆಯುತ್ತಿರುವ ಎಳೆ ಪೈರನ್ನು ನೇರವಾಗಿ ಕೊರೆವ ಚಳಿಗೆ ಒಡ್ಡಿದರೆ, ಎಷ್ಟೇ ಗಟ್ಟಿ ತಳಿಯಾದರೂ ಮೈನಸ್ 3 ಡಿಗ್ರಿಯ ಆಸುಪಾಸಿನಲ್ಲೇ ಕೈಬಿಡುತ್ತದೆ. ಅದೇ ಪೈರು ತಂಪಿಗೆ ನಿಧಾನವಾಗಿ ಪಳಗಿದರೆ ಮೈನಸ್ 20 ದಾಟಿದರೂ ತಾಳುತ್ತದೆ. ಪಕ್ಕದ ಆಲ್ಬರ್ಟಾ ಪ್ರಾಂತ್ಯದ ಲೆತ್‌ಬ್ರಿಡ್ಜ್ ಸಂಶೋಧನಾ ಕೇಂದ್ರದಿಂದ 1977ರಲ್ಲಿ ಬಂದ ‘ನಾರ್‌ಸ್ಟಾರ್’ ತಳಿ ಇಂದಿಗೂ ಈ ವಿಷಯದಲ್ಲಿ ಅಳತೆಗೋಲು. ಪೂರ್ತಿ ಪಳಗಿದ ನಾರ್‌ಸ್ಟಾರ್ ಗಿಡಗಳಲ್ಲಿ ಅರ್ಧದಷ್ಟು ಸಾಯಬೇಕಾದರೆ ಬುಡದ ಉಷ್ಣಾಂಶ ಸುಮಾರು ಮೈನಸ್ 24ಕ್ಕೆ ಇಳಿಯಬೇಕು. ಮೈನಸ್ 3ರಿಂದ ಮೈನಸ್ 24ರವರೆಗಿನ ಈ ದಾರಿಯನ್ನು ಗಿಡ ಸವೆಸುವುದು ಶರತ್ಕಾಲದಲ್ಲಿ. ಆ ದಾರಿಯಲ್ಲಿ ರೈತ ಏನು ಮಾಡಬಹುದು, ಏನನ್ನು ಗಮನಿಸಬೇಕು ಎಂಬುದನ್ನು ಪಶ್ಚಿಮ ಕೆನಡಾದ ಪ್ರೇರಿ ಬಯಲಿನ ಅನುಭವದಿಂದಲೇ ನೋಡೋಣ.

ಮೊದಲು ಒಂದು ಗಿಡ ಅಗೆದು ನೋಡಿ

ಅಕ್ಟೋಬರ್ ಮೊದಲ ವಾರ ಒಂದು ಸಸಿಯನ್ನು ಮಣ್ಣಿನ ಸಮೇತ ಕಿತ್ತು, ನೀರಿನಲ್ಲಿ ಆಡಿಸಿ ತೊಳೆಯಿರಿ. ತಳದಲ್ಲಿ ಬಿತ್ತಿದ ಕಾಳಿನ ಸಿಪ್ಪೆ, ಅದರಿಂದ ಹೊರಟ ನಾಲ್ಕಾರು ತೆಳು ಬೇರು ಕಾಣುತ್ತವೆ. ಅದಕ್ಕಿಂತ ತುಸು ಮೇಲೆ, ಮಣ್ಣಿನ ಮಟ್ಟದಿಂದ ಎರಡು–ಎರಡೂವರೆ ಸೆಂಟಿಮೀಟರ್ ಕೆಳಗೆ, ಉಬ್ಬಿದ ಬಿಳಿ ಗೆಣ್ಣೊಂದಿದೆ. ಎಲೆ, ತೆಂಡೆ, ದಪ್ಪನೆಯ ಹೊಸ ಬೇರು ಎಲ್ಲವೂ ಹೊರಡುವುದು ಅಲ್ಲಿಂದಲೇ. ಸುಳಿ ಕೂತಿರುವುದೂ ಅದರೊಳಗೆ. ಚಳಿಗಾಲದಲ್ಲಿ ಮೇಲಿನ ಗರಿಗಳೆಲ್ಲ ಸುಟ್ಟು ಕರಕಲಾದರೂ ಚಿಂತೆಯಿಲ್ಲ, ಈ ಗೆಣ್ಣು ಉಳಿದರೆ ಬೆಳೆ ಉಳಿದಂತೆ. ಆದ್ದರಿಂದ ಹವಾಮಾನ ವರದಿಯ ಗಾಳಿ ಉಷ್ಣಾಂಶಕ್ಕಿಂತ, ಗೆಣ್ಣಿರುವ ಆಳದ ಮಣ್ಣಿನ ಉಷ್ಣಾಂಶವೇ ನಮಗೆ ಬೇಕಾದ ಲೆಕ್ಕ. ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸಲೀಸು.

ಬಿತ್ತನೆ ದಿನ ಗೊತ್ತುಮಾಡುವುದು

ಪಳಗುವ ಮುನ್ನ ಗಿಡ ಬೆಳೆದಿರಬೇಕು. ಮಣ್ಣು ಇನ್ನೂ ಬೆಚ್ಚಗಿರುವಾಗ ನಾಲ್ಕೈದು ವಾರ ಸಿಕ್ಕರೆ ಸಸಿಗೆ ಮೂರು ಗರಿ, ಒಂದಾದರೂ ತೆಂಡೆ, ತುಂಬಿಕೊಂಡ ಗೆಣ್ಣು ಬರುತ್ತದೆ. ಆಮೇಲೆ ನಾಲ್ಕರಿಂದ ಎಂಟು ವಾರ ತಂಪಿನಲ್ಲಿ ಪಳಗಬೇಕು. ನೆಲ ಹೆಪ್ಪುಗಟ್ಟುವ ದಿನದಿಂದ ಹಿಂದಕ್ಕೆ ಎಣಿಸಿದರೆ ಸಸ್ಕಾಚೆವನ್‌ನಲ್ಲಿ ಆಗಸ್ಟ್ ಕೊನೆಯ ವಾರ, ಸೆಪ್ಟೆಂಬರ್ ಮೊದಲ ವಾರ ಬಿತ್ತನೆಗೆ ಸರಿಯಾದ ಸಮಯ ಎಂಬ ಲೆಕ್ಕ ಸಿಗುತ್ತದೆ. ದಕ್ಷಿಣಕ್ಕೆ ಹೋದಂತೆ ಇನ್ನು ಕೆಲವು ದಿನ ಸಿಗುತ್ತವೆ.

ತಡವಾದರೆ ಗೆಣ್ಣು ಸಣ್ಣದಾಗಿ, ಒಳಗಿನ ದಾಸ್ತಾನು ಕಡಿಮೆಯಾಗಿ ಉಳಿಯುತ್ತದೆ. ಮೊಳಕೆಯಲ್ಲೇ ಚಳಿಗಾಲ ಕಳೆದು ಬದುಕುವ ಗಿಡಗಳೂ ಇವೆ. ಆದರೆ ವಸಂತದಲ್ಲಿ ಅವು ಏದುಸಿರು ಬಿಡುತ್ತ ಏಳುತ್ತವೆ, ಕಳೆಯೊಂದಿಗೆ ಪೈಪೋಟಿ ಮಾಡಲಾರವು, ಮಾಗುವುದೂ ತಡ. ತೀರಾ ಬೇಗ ಬಿತ್ತುವುದೂ ಒಳ್ಳೆಯದಲ್ಲ. ಸೊಂಪಾಗಿ ಬೆಳೆದ ಪೈರು ಮಣ್ಣಿನ ತೇವವನ್ನೆಲ್ಲ ಹೀರುತ್ತದೆ. ಪಕ್ಕದ ಹೊಲದ ಹಸಿರು ಗೋಧಿಯಿಂದ ನುಸಿಗಳು ಗಾಳಿಯಲ್ಲಿ ತೇಲಿಬಂದು ಎಲೆಗೆರೆ ನಂಜುರೋಗ ಅಂಟಿಸುತ್ತವೆ. ನಂಜು ತಗುಲಿದ ಗಿಡ ಚಳಿಗೂ ಬೇಗ ಸೋಲುತ್ತದೆ.

ಪ್ರೇರಿಯ ರೈತನ ನಿಜವಾದ ತಲೆನೋವು ಇನ್ನೊಂದಿದೆ. ಗೋಧಿ ಬಿತ್ತುವುದು ಸಾಸಿವೆ ಬಳಗದ ಎಣ್ಣೆಕಾಳು ಬೆಳೆಯಾದ ಕೆನೋಲಾದ ಕೂಳೆಯ ನಡುವೆ. ಕೆನೋಲಾ ಕಟಾವು ಮುಗಿಯುವ ಹೊತ್ತಿಗೆ ಈ ಸಮಯ ಮೀರಿರುತ್ತದೆ. ಹೀಗಾಗಿ ಶರತ್ಕಾಲದಲ್ಲಿ ಚಳಿಗಾಲದ ಗೋಧಿ ಹಾಕಬೇಕೆಂದಿರುವ ಹೊಲಕ್ಕೆ ಅದೇ ವರ್ಷದ ವಸಂತದಲ್ಲೇ ಬೇಗ ಮಾಗುವ ಕೆನೋಲಾ ತಳಿ ಆರಿಸಿ, ಅದನ್ನೇ ಎಲ್ಲಕ್ಕಿಂತ ಮೊದಲು ಬಿತ್ತುವುದು ಜಾಣತನ.

ಆಳ, ಕೂಳೆ, ಗೊಬ್ಬರ

ಕಾಳನ್ನು ಎರಡೂವರೆ ಸೆಂಟಿಮೀಟರ್‌ಗಿಂತ ಆಳಕ್ಕೆ ಇಳಿಸಬೇಡಿ. ಮೇಲ್ಮಣ್ಣು ಒಣಗಿದ್ದಾಗ ತೇವ ಹುಡುಕಿಕೊಂಡು ಕೂರಿಗೆಯನ್ನು ಆಳಕ್ಕೆ ಬಿಡುವ ಆಸೆ ಎಲ್ಲರಿಗೂ ಆಗುತ್ತದೆ. ಆಳದಿಂದ ಮೇಲೆ ಬರಲು ಸಸಿ ತನ್ನ ಕಸುವನ್ನೆಲ್ಲ ಖರ್ಚು ಮಾಡಿ ಬಡಕಲಾಗುತ್ತದೆ. ಮೇಲ್ಗಡೆಯೇ ಬಿತ್ತಿ ಒಂದು ಮಳೆಗೆ ಕಾಯುವುದು ಮೇಲು ಎಂದು ಅಲ್ಲಿನ ಕೃಷಿ ತಜ್ಞರು ಹೇಳುತ್ತ ಬಂದಿದ್ದಾರೆ.

ಕೂಳೆಯನ್ನು ಕೆಡವದೆ, ಉಳುಮೆ ಮಾಡದೆ, ಅದರ ನಡುವೆಯೇ ಬಿತ್ತಬೇಕು. ಸಸ್ಕಾಚೆವನ್ ವಿಶ್ವವಿದ್ಯಾಲಯದ ಬ್ರಯಾನ್ ಫೌಲರ್ ಮತ್ತು ಅವರ ಜೊತೆಗಾರರು ದಶಕಗಳ ಕಾಲ ಮಾಡಿದ ಕೆಲಸದ ತಿರುಳಿನಲ್ಲಿ ಇದೂ ಒಂದು. ನಿಂತ ಕೂಳೆ ಗಾಳಿಗೆ ಹಾರುವ ಹಿಮವನ್ನು ಹಿಡಿದು ನಿಲ್ಲಿಸುತ್ತದೆ. ಹಿಮದ ವಿಷಯ ಮುಂದೆ ಬರುತ್ತದೆ. ಗೊಬ್ಬರದಲ್ಲಿ ರಂಜಕವನ್ನು ಬೀಜದ ಜೊತೆಗೇ ಕೊಡಿ, ಬೇರಿಗೂ ಗೆಣ್ಣಿಗೂ ಅದು ಬೇಕು. ಶರತ್ಕಾಲದಲ್ಲಿ ಸಾರಜನಕ ಸುರಿದರೆ ಗರಿ ಕಡುಹಸಿರಾಗಿ ಕಣ್ಣಿಗೆ ಹಬ್ಬವಾಗುತ್ತದೆ ಸರಿ, ಆದರೆ ರಂಜಕದ ಕೊರತೆಯಿರುವ ಹೊಲದಲ್ಲಿ ಆ ಸೊಕ್ಕಿದ ಬೆಳವಣಿಗೆ ಚಳಿ ತಡೆಯುವ ಶಕ್ತಿಯನ್ನೇ ತಿನ್ನುತ್ತದೆ.

ಒಂಬತ್ತು ಡಿಗ್ರಿಯ ಗೆರೆ

ಮಣ್ಣಿನ ಥರ್ಮಾಮೀಟರ್ ಒಂದನ್ನು ಹೊಲದಲ್ಲಿ ಗೆಣ್ಣಿನ ಆಳಕ್ಕೆ ಚುಚ್ಚಿ. ಬೆಳಗಿನ ಜಾವಕ್ಕೊಮ್ಮೆ, ಮಧ್ಯಾಹ್ನ ಮೂರರ ಹೊತ್ತಿಗೊಮ್ಮೆ ನೋಡಿ ಪುಸ್ತಕದಲ್ಲಿ ಬರೆದಿಡಿ. ಗೆಣ್ಣಿನ ಉಷ್ಣಾಂಶ ಸುಮಾರು 9 ಡಿಗ್ರಿಗಿಂತ ಕೆಳಗಿಳಿದಾಗ ಗೋಧಿ ಪಳಗಲು ಶುರುಮಾಡುತ್ತದೆ. 8ರಲ್ಲಿ ನಿಧಾನವಾಗಿ, 2–3 ಡಿಗ್ರಿಯಲ್ಲಿ ಚುರುಕಾಗಿ. ಗೋಧಿಯ ಬಳಗದ ಇನ್ನೊಂದು ಧಾನ್ಯವಾದ ರೈ ಇನ್ನೂ ಮುಂಚೆಯೇ, ತುಸು ಬೆಚ್ಚಗಿರುವಾಗಲೇ ತಯಾರಿ ಆರಂಭಿಸುವ ಬೆಳೆ. ಅದಕ್ಕೇ ಚಳಿ ತಡೆಯುವುದರಲ್ಲಿ ರೈ ಎಲ್ಲಕ್ಕಿಂತ ಮುಂದೆ, ನಂತರ ಗೋಧಿ, ಅದರ ಹಿಂದೆ ಬಾರ್ಲಿ, ಕೊನೆಗೆ ಓಟ್ಸ್.

ಈ ವಾರಗಳಲ್ಲಿ ಗಿಡದೊಳಗೆ ನಡೆಯುವ ಕೆಲಸ ಬೆರಗು ಹುಟ್ಟಿಸುವಂಥದ್ದು. ತಂಪಿನಲ್ಲಿ ಬೆಳವಣಿಗೆ ಕುಂಠಿತವಾಗುತ್ತದೆ, ಆದರೆ ಬಿಸಿಲಿದ್ದರೆ ಎಲೆ ಸಕ್ಕರೆ ತಯಾರಿಸುವುದನ್ನು ನಿಲ್ಲಿಸುವುದಿಲ್ಲ. ಖರ್ಚಾಗದ ಸಕ್ಕರೆ ಗೆಣ್ಣಿನಲ್ಲಿ ಫ್ರಕ್ಟಾನ್ ಎಂಬ ಸಕ್ಕರೆ ಸರಪಳಿಯ ರೂಪದಲ್ಲಿ ಶೇಖರವಾಗುತ್ತದೆ. ಜೀವಕೋಶಗಳ ಪೊರೆಯ ಕೊಬ್ಬು ಬದಲಾಗಿ, ಚಳಿಗೂ ಸೆಡೆಯದಂತೆ ಮೆದುವಾಗುತ್ತದೆ. ಡಿಹೈಡ್ರಿನ್ ಎಂಬ ಪ್ರೋಟೀನುಗಳು ತುಂಬಿಕೊಳ್ಳುತ್ತವೆ. ಕೋಶದೊಳಗಿನ ನೀರು ಕಡಿಮೆಯಾಗುತ್ತದೆ. ಮುಂದೆ ಮಂಜುಗಡ್ಡೆ ಕಟ್ಟಿದಾಗ ಅದು ಕೋಶಗಳ ನಡುವಿನ ಜಾಗದಲ್ಲಿ ಕಟ್ಟಬೇಕೇ ಹೊರತು ಒಳಗಲ್ಲ. ಒಳಗೆ ಕಟ್ಟಿತೋ, ಆ ಕೋಶದ ಕಥೆ ಮುಗಿಯಿತು. ಹೊರಗಿನ ಗಡ್ಡೆ ಒಳಗಿನ ನೀರನ್ನು ಎಳೆದುಕೊಳ್ಳುತ್ತದೆ, ಹಾಗಾಗಿ ಚಳಿಯ ಪೆಟ್ಟು ಬಹುಪಾಲು ಒಣಗುವ ಪೆಟ್ಟು. ಸಕ್ಕರೆಯೂ ಡಿಹೈಡ್ರಿನ್ನೂ ಕೋಶವನ್ನು ಕಾಯುವುದು ಈ ಒಣಗುವಿಕೆಯಿಂದಲೇ.

ಸೋವಿಯತ್ ಸಸ್ಯ ಶರೀರವಿಜ್ಞಾನಿ ಇವಾನ್ ತುಮಾನೊವ್ ಪಳಗುವಿಕೆಯನ್ನು ಎರಡು ಹಂತವಾಗಿ ವಿವರಿಸಿದ್ದರು. ಬೆಳಕಿನಲ್ಲಿ, ಸೊನ್ನೆಗಿಂತ ತುಸು ಮೇಲಿನ ತಂಪಿನಲ್ಲಿ ಸಕ್ಕರೆ ಕೂಡುವುದು ಮೊದಲನೆಯದು. ಮೈನಸ್ 2ರಿಂದ ಮೈನಸ್ 5ರ, ಲಘುವಾಗಿ ಹೆಪ್ಪುಗಟ್ಟಿಸುವ ಚಳಿಯಲ್ಲಿ ಕೋಶಗಳು ನೀರು ಬಿಟ್ಟುಕೊಡುವುದು ಎರಡನೆಯದು. ಗೋಧಿಗೆ ಒಳ್ಳೆಯ ಶರತ್ಕಾಲ ಎಂದರೆ ಹೇಗಿರಬೇಕು ಎಂಬುದಕ್ಕೆ ಇದಕ್ಕಿಂತ ಸರಳ ಉತ್ತರ ನನಗೆ ಕಂಡಿಲ್ಲ. ಹಗಲು ಬಿಸಿಲು, ರಾತ್ರಿ ತಂಪು, ಆಮೇಲೆ ಮೆಲ್ಲನೆ ಬರುವ ಹೆಪ್ಪುಗಟ್ಟಿಸುವ ಚಳಿ.

ಬರಿಗಣ್ಣಿಗೂ ಇದು ಗೊತ್ತಾಗುತ್ತದೆ. ಪಳಗುತ್ತಿರುವ ಪೈರು ಎತ್ತರಕ್ಕೆ ಹೋಗುವುದಿಲ್ಲ, ನೆಲಕ್ಕೆ ಒರಗಿ ಹರಡಿಕೊಳ್ಳುತ್ತದೆ. ಗರಿಗಳು ಗಿಡ್ಡ, ಅಗಲ, ಬಣ್ಣ ಗಾಢ. ಅಕ್ಟೋಬರ್ ಕೊನೆಗೂ ಗರಿ ನೆಟ್ಟಗೆ, ಎಳೆಹಸಿರಾಗಿ ನಿಂತಿದ್ದರೆ ಅದು ಇನ್ನೂ ಬೆಳೆಯುವ ಹುರುಪಿನಲ್ಲಿದೆ, ಚಳಿಗೆ ಅಣಿಯಾಗಿಲ್ಲ ಎಂದು ತಿಳಿಯಿರಿ.

ಶರತ್ಕಾಲ ಕೈಕೊಟ್ಟಾಗ

ಬೆಚ್ಚಗಿನ ಶರತ್ಕಾಲ ಎಂದರೆ ಪಳಗುವುದು ತಡ. ನಡುವೆ ಮಣ್ಣು ಮತ್ತೆ 10 ಡಿಗ್ರಿ ದಾಟಿತೆಂದರೆ ಗಳಿಸಿದ್ದು ಕರಗಲು ಶುರು, ಅದೂ ಗಳಿಸಿದ್ದಕ್ಕಿಂತ ಬೇಗ. ತಂಪು ಮರಳಿದರೆ ಗಿಡ ಮತ್ತೆ ಪಳಗಬಲ್ಲದು, ಆದ್ದರಿಂದ ಅಕ್ಟೋಬರ್‌ನಲ್ಲಿ ನಾಲ್ಕು ದಿನ ಬಿಸಿಲೇರಿತೆಂದು ಕಂಗಾಲಾಗಬೇಕಿಲ್ಲ. ಎದೆ ನಡುಗಿಸುವುದು ಬೆಚ್ಚಗಿನ ದಿನಗಳ ಬೆನ್ನಿಗೇ ಬೀಳುವ ಚಳಿ. 2014ರ ನವೆಂಬರ್ 10ರಂದು ಅಮೆರಿಕದ ಡೆನ್ವರ್‌ನಲ್ಲಿ ಹಿತವಾದ ಹವೆಯಿತ್ತು. ಮೂರೇ ದಿನದಲ್ಲಿ ಉಷ್ಣಾಂಶ ಮೈನಸ್ 25ಕ್ಕೆ ಕುಸಿಯಿತು. ಆ ಪ್ರದೇಶದ ಮರಗಳೇ ಪೆಟ್ಟು ತಿಂದವು. ಇಂಥ ಹೊತ್ತಿನಲ್ಲಿ ಅರೆಬರೆ ಪಳಗಿದ ಗೋಧಿ, ಜನವರಿಯಲ್ಲಿ ಸುಲಭವಾಗಿ ತಡೆಯಬಹುದಾಗಿದ್ದ ಚಳಿಗೇ ಬಲಿಯಾಗಬಹುದು.

ಮೋಡ ಮುಸುಕಿದ ಶರತ್ಕಾಲದಲ್ಲಿ ಸಕ್ಕರೆ ಕೂಡುವುದಿಲ್ಲ. ನೆಲ ಹೆಪ್ಪುಗಟ್ಟುವ ಮೊದಲೇ ದಪ್ಪ ಹಿಮ ಬಿದ್ದು ಕೂತರೆ ಕತ್ತಲಲ್ಲಿ ಗಿಡ ಉಸಿರಾಡುತ್ತಲೇ ದಾಸ್ತಾನು ಸುಟ್ಟುಕೊಳ್ಳುತ್ತದೆ, ಹಿಮಬೂಷ್ಟು ಅದರ ಮೇಲೇರುತ್ತದೆ. ಒಣ ಶರತ್ಕಾಲದ ಕಾಟ ಎರಡು ಬಗೆಯದು. ಮೊಳಕೆ ಏರುಪೇರಾಗುತ್ತದೆ, ಜೊತೆಗೆ ಒಣಮಣ್ಣು ಬೇಗ ತಣ್ಣಗಾಗುತ್ತದೆ. ನೀರು ತುಂಬಿದ ಹಂಡೆ ಒಲೆ ಆರಿದ ಮೇಲೂ ಬೆಳಗಿನವರೆಗೆ ಬೆಚ್ಚಗಿರುವಂತೆ, ತೇವವಿರುವ ನೆಲ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗೆಂದು ನೀರು ನಿಲ್ಲುವ ತಗ್ಗು ಬೇಡ. ಅಲ್ಲಿ ಮಂಜುಗಡ್ಡೆ ಹಾಸಿ ಗಿಡ ಉಸಿರುಗಟ್ಟುತ್ತದೆ.

ತಂಪು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಚಳಿಗಾಲದ ಗೋಧಿ ಹಲವು ವಾರ ತಂಪು ಉಣ್ಣದೆ ತೆನೆ ಬಿಡುವುದಿಲ್ಲ. ಧಾರವಾಡ, ವಿಜಯಪುರದ ಕಡೆ ಹಿಂಗಾರಿಗೆ ಬಿತ್ತುವ ಗೋಧಿ, ಸದಕ ಎಲ್ಲ ಈ ಹಂಗಿಲ್ಲದ ತಳಿಗಳು. ನಾರ್‌ಸ್ಟಾರ್ ಬೀಜ ತಂದು ಧಾರವಾಡದಲ್ಲಿ ಬಿತ್ತಿದರೆ ಹುಲ್ಲಿನ ಹಾಗೆ ತೆಂಡೆ ಒಡೆಯುತ್ತ ಕೂತೀತು, ತೆನೆ ಕಾಣಿಸದು. ತಂಪಿನ ಈ ಹಸಿವು ತೀರುವವರೆಗೆ ಗಿಡಕ್ಕೆ ಪಳಗುವ ಶಕ್ತಿ ಪೂರ್ತಿಯಾಗಿರುತ್ತದೆ. ತೀರಿದ ಮೇಲೆ ಆ ಶಕ್ತಿ ನಿಧಾನಕ್ಕೆ ಇಳಿಮುಖ. ಡಿಸೆಂಬರ್‌ನಲ್ಲಿ ತಡೆದ ಚಳಿಯನ್ನು ಅದೇ ಗಿಡ ಮಾರ್ಚ್ ಕೊನೆಯಲ್ಲಿ ತಡೆಯಲಾರದ್ದು ಇದಕ್ಕಾಗಿ.

ಹಿಮ ಹಿಡಿದಿಡಿ

ಹತ್ತು ಸೆಂಟಿಮೀಟರ್ ಹಿಮ ಹೊಲದ ಮೇಲೆ ಕೂತರೆ, ಹೊರಗೆ ಮೈನಸ್ 35 ಇದ್ದರೂ ಗೆಣ್ಣಿನ ಬಳಿ ಚಳಿ ಎಷ್ಟೋ ಸೌಮ್ಯ. ನಿಂತ ಕೂಳೆಯ ಬೆಲೆ ತಿಳಿಯುವುದು ಆಗ. ಡಿಸೆಂಬರ್ ಹೊತ್ತಿಗೆ ಹೊಲ ಸುತ್ತಿ, ದಿಬ್ಬಗಳ ನೆತ್ತಿಯಲ್ಲಿ ಗಾಳಿಗೆ ಹಿಮ ಹಾರಿಹೋಗಿ ನೆಲ ಬರಿದಾಗಿದೆಯೇ ನೋಡಿ ಗುರುತು ಮಾಡಿಕೊಳ್ಳಿ. ವಸಂತದಲ್ಲಿ ಮೊದಲು ಪರೀಕ್ಷಿಸಬೇಕಾದ ಜಾಗ ಅದೇ.

ಬದುಕಿದೆಯೇ? ಚೀಲದಲ್ಲಿಟ್ಟು ನೋಡಿ

ಹಿಮ ಕರಗಿದೊಡನೆ ಹೊಲ ಕಂದಾಗಿ ಕಂಡರೆ ಅವಸರಪಟ್ಟು ಉಳಬೇಡಿ. ದಿಬ್ಬ, ತಗ್ಗು, ಮಟ್ಟಸ ನೆಲ, ಹೀಗೆ ಬೇರೆ ಬೇರೆ ಕಡೆಯಿಂದ ಗಿಡ ಅಗೆದು ತನ್ನಿ. ಮಣ್ಣು ತೊಳೆದು ಬೇರನ್ನು ಗೆಣ್ಣಿನ ಹತ್ತಿರಕ್ಕೆ ಕತ್ತರಿಸಿ. ಮೇಲೆ ಎರಡು ಮೂರು ಸೆಂಟಿಮೀಟರ್ ಬಿಟ್ಟು ಗರಿಯನ್ನೂ ಕತ್ತರಿಸಿ. ಒಂದೊಂದು ಜಾಗದ ಗಿಡಗಳನ್ನು ಒಂದೊಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಒಳಗೆ ಸ್ವಲ್ಪ ಗಾಳಿ ಬಿಟ್ಟು ಕಟ್ಟಿ, ಜಾಗದ ಹೆಸರು ಬರೆದು, ಮನೆಯೊಳಗೆ ನೇರ ಬಿಸಿಲು ಬೀಳದ ಕಡೆ ಇಡಿ. ಎರಡು ದಿನಕ್ಕೊಮ್ಮೆ ತಣ್ಣೀರಿನಲ್ಲಿ ಜಾಲಿಸಿ ಮತ್ತೆ ಕಟ್ಟಿ. ವಾರದೊಳಗೆ ಗೆಣ್ಣಿನಿಂದ ಹೊಳೆಯುವ ಬಿಳಿ ಬೇರು ಹೊರಟರೆ ಗಿಡಕ್ಕೆ ಜೀವವಿದೆ. ಅನುಮಾನವಿದ್ದ ಗೆಣ್ಣನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಒಳಗೆ ಬಿಳಿಯಾಗಿ ಗಟ್ಟಿಯಾಗಿದ್ದರೆ ಸರಿ, ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದರೆ ಆಸೆ ಬಿಡಿ.

ಆಮೇಲೆ ಹೊಲದಲ್ಲಿ ಎಣಿಕೆ. ಚದರ ಅಡಿಗೆ 20ರಿಂದ 30 ಗಿಡವಿದ್ದರೆ ಉತ್ತಮ. ಹತ್ತರ ಆಸುಪಾಸಿಗೆ ಇಳಿದರೂ, ಸಮನಾಗಿ ಹರಡಿದ್ದರೆ ತೆಂಡೆಗಳೇ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತವೆ. ದೊಡ್ಡ ದೊಡ್ಡ ಬೋಳು ತೇಪೆಗಳಿದ್ದರೆ ಆ ಭಾಗಕ್ಕೆ ಬೇರೆ ಬೆಳೆ ಯೋಚಿಸಬೇಕು. ಅಲ್ಲಿ ವಸಂತದ ಗೋಧಿಯನ್ನು ಮಾತ್ರ ಬಿತ್ತಬೇಡಿ. ಉಳಿದ ಹಳೆಯ ಗಿಡಗಳಿಂದ ನುಸಿ, ನಂಜು ಎರಡೂ ಹೊಸ ಪೈರಿಗೆ ದಾಟುತ್ತವೆ, ಕಾಳೂ ಬೆರಕೆಯಾಗುತ್ತದೆ. ಉಳಿದ ಗೋಧಿಯನ್ನು ಪೂರ್ತಿ ಕೊಂದು ಕೆನೋಲಾ ಅಥವಾ ಬಟಾಣಿ ಹಾಕುವುದು ಕ್ಷೇಮ.